ಬೆಳ್ಳಿ ಬಣ್ಣದ ಏಣಿ

ಸೆಪ್ಟೆಂಬರ್ 3, 2007, ಸೋಮವಾರ

ಮತ್ತೆ ಅದೇ. ಮಂಡಿಕಲ್ಲಿನಿಂದ ಚಿಕ್ಕಬಳ್ಳಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಮಂಚೇನಹಳ್ಳಿ ಮೇಲೆ ಗೌರಿಬಿದನೂರಿಗೆ ಇನ್ನೊಂದು. ಎರಡರಲ್ಲೂ ನಿಂತೇ ಹೋದೆ. ಸೋಮವಾರ ಸೀಟು ಸಿಗಬೇಕಾದರೆ ಪುಣ್ಯ ಮಾಡಿರಬೇಕು. ನಾನು ಮಾಡಿದ್ದು ಪಾಲಿಮರ್ ಡಿಪ್ಲೊಮಾ ಮಾತ್ರ.

ಲ್ಯಾಬಿನ ಯುವಿ ಪೆಟ್ಟಿಗೆಯಲ್ಲಿ ಎರಡು ಲ್ಯಾಂಪು ಹೋಗಿವೆ. ಮ್ಯಾನೇಜರ್ ಶ್ರೀಕರ್ ಸರ್‌ಗೆ ಹೇಳಿದೆ. “ನೋಡೋಣ ಮೇಡಂ” ಅಂದರು. ನೋಡೋಣ ಎಂದರೆ ನೋಡುವುದಿಲ್ಲ ಎಂದು ಅರ್ಥ, ಈ ಕಾರ್ಖಾನೆಯಲ್ಲಿ.

ಫೈಬರ್ ತುಂಡುಗಳನ್ನು ಬೇಗ ಮುದಿ ಮಾಡುವುದು ನನ್ನ ಕೆಲಸ. ಹೇಳಿದರೆ ಜನ ನಗುತ್ತಾರೆ. ಒಳಗೆ ಗಾಜಿನ ಎಳೆ, ಅದನ್ನು ಹಿಡಿದಿಡಲು ರೆಸಿನ್, ಮೇಲೊಂದು ತೆಳು ಪದರ. ನಾವು ಮಾಡುವ ಟ್ಯಾಂಕು, ಛಾವಣಿ ಶೀಟು, ಏಣಿ ಎಲ್ಲ ಇಷ್ಟೇ. ತುಂಡು ಕತ್ತರಿಸು, ಲ್ಯಾಂಪಿನ ಕೆಳಗೆ ಸುಡು, ನೀರಿನಲ್ಲಿ ಕುದಿಸು, ಒಣಗಿಸು, ಮತ್ತೆ ಕುದಿಸು. ಹತ್ತು ವರ್ಷದ ಮುಪ್ಪು ಮೂರು ತಿಂಗಳಲ್ಲಿ ಬರಬೇಕು. ತುಂಡಿಗೆ ಬರುತ್ತದೋ ಇಲ್ಲವೋ, ನನಗಂತೂ ಬಂದಿದೆ.

ಮನೆಗೆ ಬಂದಾಗ ಇವರು ಕರೆಂಟ್ ಕಂಬದ ಕೆಲಸ ಮುಗಿಸಿ ಬಂದು ಜಗುಲಿ ಮೇಲೆ ಕಾಲು ಚಾಚಿದ್ದರು. “ನಿನ್ ಕುಕ್ಕರ್‌ನಾಗೆ ನನ್ನೂ ಒಂದ್ಸಲ ಬೇಯ್ಸಿ ನೋಡು ಯಶೋದ, ಇನ್ನೆಷ್ಟ್ ವರ್ಷ ಬರ್ತೀನಿ ಅಂತ” ಎಂದರು. ಇದೇ ಜೋಕು ಹದಿನೆಂಟು ವರ್ಷದಿಂದ ಕೇಳುತ್ತಿದ್ದೇನೆ. ನಕ್ಕೆ. ನಗದಿದ್ದರೆ ಮತ್ತೊಮ್ಮೆ ಹೇಳುತ್ತಾರೆ.

ಅಕ್ಟೋಬರ್ 20, ಶನಿವಾರ

ಆಯುಧಪೂಜೆ. ಕಾರ್ಖಾನೆಯಲ್ಲಿ ಬೆಳಿಗ್ಗೆಯೇ ಪೂಜೆ ಮುಗಿಸಿ ಬಿಟ್ಟರು. ಒಂದು ಪೊಟ್ಟಣ ಕಡಲೆಪುರಿ, ಅದರಲ್ಲಿ ಒಂದೇ ಒಂದು ಮಿಠಾಯಿ.

ಬಸ್ಸಿನ ತುಂಬ ಸ್ಕಂದಗಿರಿ ಹತ್ತಿ ಇಳಿದ ಬೆಂಗಳೂರಿನ ಹುಡುಗರು. ಬೆನ್ನಿನ ಚೀಲ ಎಲ್ಲರ ಮುಖಕ್ಕೆ.

ಕರೆಂಟ್ ಸೆಕ್ಷನ್ ಆಫೀಸು ನಮ್ಮ ಮನೆಯ ಎದುರಿಗೇ. ನೋಡಿದರೆ ಗೋಡೆಗೆ ಒರಗಿಸಿದ್ದ, ನಮ್ಮ ಕಾರ್ಖಾನೆಯದೇ ಫೈಬರ್ ಏಣಿ ಫಳಫಳ ಹೊಳೆಯುತ್ತಿದೆ! ಹಳದಿ ಏಣಿ ಬೆಳ್ಳಿಯಾಗಿದೆ. ಮೇಲೆ ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ. ಕೋನಪ್ಪ ಕೈಯಲ್ಲಿ ಬ್ರಷ್ಷು ಹಿಡಿದು ನಿಂತಿದ್ದ. ಇವರ ಜೊತೆ ಕಂಬ ಹತ್ತುವವನು, ನನ್ನನ್ನು ಅಕ್ಕ ಅನ್ನುತ್ತಾನೆ.

“ಕಂಬಕ್ಕೆ ಹೊಡ್ಯೋ ಸಿಲ್ವರ್ ಪೇಂಟ್ ಮಿಕ್ಕಿತ್ತಕ್ಕ. ಏಣಿ ಬಿಸಿಲಿಗೆ ಬೆಳ್ಳಗೆ ಬೂದಿ ಬೂದಿ ಆಗೋಗಿತ್ತು. ಪೂಜೆ ದಿನ ಹಂಗೆ ನಿಲ್ಲಿಸೋಕಾಗ್ತದಾ? ಈಗ್ ನೋಡು, ಮದುವಣಗಿತ್ತಿ.”

“ಆ ಪೇಂಟಲ್ಲಿ ಅಲ್ಯುಮಿನಿಯಂ ಪುಡಿ ಇರ್ತದೆ ಕೋನಪ್ಪ.”

“ಕಂಬಕ್ಕೆ ಅದೇ ಹೊಡೀತೀವಲ್ಲಕ್ಕ.”

“ಕಂಬ ಕರೆಂಟ್ ತಡೀಬೇಕಾಗಿಲ್ಲ. ಏಣಿ ತಡೀಬೇಕು. ಅಲ್ದೆ ಬಿರುಕು ಬಿಟ್ರೆ ಪೇಂಟ್ ಕೆಳಗೆ ಕಾಣಲ್ಲ.”

“ಹಬ್ಬದ ದಿನ ಕೆಟ್ ಮಾತಾಡ್ಬೇಡಕ್ಕ” ಎಂದು ಕೈ ತುಂಬ ಪುರಿ ಕೊಟ್ಟ.

ನಮ್ಮ ಮನೆಯಲ್ಲಿ ಪೂಜೆ ಇಲ್ಲ. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು. ಅತ್ತೆ ಮಂಗಮ್ಮ ಮಾತ್ರ ಯಾರೂ ನೋಡದಾಗ ಒರಳಿಗೊಂದು ಕುಂಕುಮದ ಬೊಟ್ಟು ಇಡುತ್ತಾರೆ. ನಾವೂ ನೋಡದವರ ಹಾಗೆ ಇರುತ್ತೇವೆ. ಇವರೂ ಹೋಗಿ ಏಣಿಗೆ ಕೈಮುಗಿದು ಬಂದರಂತೆ. ಕೇಳಿದ್ದಕ್ಕೆ “ಐದಾರು ವರ್ಷದಿಂದ ನನ್ನ ಹೊತ್ತದೆ. ಒಂದ್ ಕೈ ಮುಗಿದ್ರೆ ಬಾಬಾಸಾಹೇಬ್ರು ಬೈಯಲ್ಲ ಬಿಡು” ಎಂದರು. ಬೈಯಲಿಕ್ಕಿಲ್ಲ. ಪೇಂಟಿಗೆ ಬೈಯುತ್ತಿದ್ದರೋ ಏನೋ.

ಅಕ್ಟೋಬರ್ 21

ಪೇಂಟ್ ತೆಗೆಯಿರಿ ಎಂದು ಮತ್ತೆ ಹೇಳಿದೆ. ಥಿನ್ನರ್ ಹಾಕಿದರೆ ಕೆಳಗಿನ ಪದರವೂ ಹೋಗುತ್ತದೆ, ಅದೂ ನನಗೇ ಗೊತ್ತು. ಅದಕ್ಕೇ ಒತ್ತಾಯ ಮಾಡಲಿಲ್ಲ. ಹೊಸ ಏಣಿ ಬೇಕೆಂದು ಮೇಲಿನ ಆಫೀಸಿಗೆ ಇಂಡೆಂಟ್ ಹೋಗಿದೆಯಂತೆ, ಬರುತ್ತದಂತೆ.

ನವೆಂಬರ್ 22

ಬರುವುದಿಲ್ಲ. ಮೇಲಿನಿಂದ ತಪಾಸಣೆಗೆ ಬಂದ ಸಾಹೇಬರು ಏಣಿ ನೋಡಿದರು. ಫಳಫಳ. “ಇದು ಹೊಸದಿದೆಯಲ್ರೀ, ಇನ್ನೊಂದ್ಯಾಕೆ?” ಎಂದು ಇಂಡೆಂಟಿನಲ್ಲಿ ಗೆರೆ ಎಳೆದು ಹೋದರಂತೆ. ಕೋನಪ್ಪನ ಮುಖ ಹರಳೆಣ್ಣೆ ಕುಡಿದ ಹಾಗಿತ್ತು.

ಸಿಟ್ಟು ಬಂತು. ಯಾರ ಮೇಲೆ ಬರಬೇಕು ಅಂತ ಗೊತ್ತಾಗಲಿಲ್ಲ. ಅಷ್ಟು ಭಕ್ತಿಯಿಂದ ಬಳಿದಿದ್ದಾನೆ ಪಾಪ.

ಜನವರಿ 13, 2008, ಭಾನುವಾರ

ತನುಜ ಚಿಂತಾಮಣಿಯಿಂದ ಬಂದಿದ್ದಾಳೆ. ನರ್ಸಿಂಗ್ ಹಾಸ್ಟೆಲ್ಲಿನ ಊಟಕ್ಕೆ ಮಗಳು ಅರ್ಧ ಆಗಿದ್ದಾಳೆ. ಅವರೆಕಾಯಿ ಕಾಲ. ಅತ್ತೆ ರಾತ್ರಿಯೇ ಕಾಳು ನೆನೆಹಾಕಿದ್ದರು. ಎಲ್ಲರೂ ಸುತ್ತ ಕೂತು ಹಿಚುಕಿದೆವು.

ಹಿಚುಕುವುದರಲ್ಲಿ ಇವರೇ ರಾಜ. ನಾವು ಒಂದು ಬಟ್ಟಲು ಮಾಡುವಷ್ಟರಲ್ಲಿ ಇವರದು ಎರಡು ಆಗುತ್ತಿತ್ತು. ಈ ಸಲ ಕಾಳು ಬೆರಳಿನಿಂದ ಜಾರಿ ಜಾರಿ ಗೋಡೆಗೆ ಹೋಗಿ ಬೀಳುತ್ತಿತ್ತು. “ಏಮಿರಾ, ಗೋಡೆಗೆ ಉಣ್ಣಿಸ್ತಿದೀಯಾ?” ಅಂದರು ಅತ್ತೆ. ಎಲ್ಲರೂ ನಕ್ಕೆವು. ಇವರೂ ನಕ್ಕು, ಸೆಕ್ಷನ್ನಿನಲ್ಲಿ ಕೆಲಸ ಇದೆ ಎಂದು ಎದ್ದು ಹೋದರು.

ತನುಜ ಮಾತ್ರ ನಗಲಿಲ್ಲ. “ಅಮ್ಮ, ಅಪ್ಪಂಗೆ ಒಂದ್ಸಲ ಶುಗರ್ ನೋಡಿಸು” ಎಂದಳು. ನರ್ಸಿಂಗ್ ಓದುವ ಮಕ್ಕಳಿಗೆ ಮನೆಯವರೆಲ್ಲ ರೋಗಿಗಳೇ ಎಂದೆ.

ಏಪ್ರಿಲ್ 14, ಸೋಮವಾರ

ಬಾಬಾಸಾಹೇಬರ ಜಯಂತಿ. ಕೇರಿಯಲ್ಲಿ ದೀಪದ ಸೀರಿಯಲ್ ಸೆಟ್ಟು ಹಾಕಿದವರು ಇವರೇ. ಪ್ರತಿ ವರ್ಷ ಇವರೇ. ಮಾವ ಎರ್ರಪ್ಪ ಬದುಕಿದ್ದಾಗ ಕರೆಂಟ್ ಕಂಬದ ಗುಂಡಿ ತೋಡುವ ಕೂಲಿಗೆ ಹೋಗುತ್ತಿದ್ದರಂತೆ. ಸುತ್ತಲಿನ ಊರಿಗೆಲ್ಲ ಗುಂಡಿ ತೋಡಿದರು, ಕೇರಿಗೆ ಮಾತ್ರ ಕಂಬ ಬರಲಿಲ್ಲ. ಬಂದಾಗ ಮೇಲೆ ಹತ್ತಿ ತಂತಿ ಎಳೆದವರು ಇವರು. ಆಗಷ್ಟೇ ಕೆಲಸ ಸಿಕ್ಕಿತ್ತು. ಮಾವ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಲೇ ಇದ್ದರಂತೆ. ಬುಡ ನಮ್ಮದು, ತುದಿಯೂ ನಮ್ಮದಾಯಿತು ಅಂದರಂತೆ. ಜಯಂತಿ ದಿನ ಇದನ್ನು ಹೇಳದೆ ಇವರು ಊಟ ಮಾಡುವುದಿಲ್ಲ.

ಇವತ್ತೂ ಹೇಳಿದರು. ಹೇಳುವಾಗ ಅಂಗೈ ಕೆರೆಯುತ್ತಲೇ ಇದ್ದರು.

ಏಪ್ರಿಲ್ 29

ಆಲಿಕಲ್ಲು ಮಳೆ. ಪೇರೇಸಂದ್ರದ ಕಡೆ ಕಂಬಗಳು ಉರುಳಿವೆ. ಇವರು ಎರಡು ದಿನದ ಮೇಲೆ ಮನೆಗೆ ಬಂದರು. ಅಂಗೈ ಕೆಂಪಗೆ. ಕಿಟಕಿಯ ಹತ್ತಿರ ಕೂಡಿಸಿ ನೋಡಿದೆ.

ಗಾಜು. ಕೂದಲಿಗಿಂತ ಸಣ್ಣ ಗಾಜಿನ ಎಳೆಗಳು ಚರ್ಮದಲ್ಲಿ ನಿಂತಿವೆ. ಜೊತೆಗೆ ಬೆಳ್ಳಿ ಬಣ್ಣದ ಹೊಟ್ಟು.

ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಸೆಲ್ಲೋಟೇಪು ಅಂಗೈಗೆ ಒತ್ತಿ ಒತ್ತಿ ಕಿತ್ತೆ. ಕಣ್ಣು ಮುಚ್ಚಿಕೊಂಡು ಕೂತಿದ್ದರು. ನೋಯುತ್ತಾ ಎಂದರೆ ಇಲ್ಲ ಎಂದರು. ನೋಯಬೇಕಿತ್ತು. ಆಗ ಹೊಳೆಯಲಿಲ್ಲ, ಈಗ ಬರೆಯುವಾಗ ಹೊಳೆಯುತ್ತಿದೆ.

ಏಣಿ ನೋಡಿಬಂದೆ. ಮೆಟ್ಟಿಲು ಸೇರುವಲ್ಲೆಲ್ಲ ಪೇಂಟು ಚಕ್ಕೆ ಎದ್ದಿದೆ. ಉಗುರಿನಿಂದ ಕೆದರಿದರೆ ಒಳಗೆ ಎಳೆಗಳು ಬಿಡಿಬಿಡಿ. ಬಿಸಿಲು ರೆಸಿನ್ ತಿಂದುಹಾಕಿದೆ. ಎಳೆಗಳ ಸಂದಿಯಲ್ಲಿ ಮಳೆ ನೀರು ಇಳಿದಿದೆ. ನಾನು ಲ್ಯಾಂಪು ಹಾಕಿ, ಕುದಿಸಿ, ಇಷ್ಟೊಂದು ಕಷ್ಟಪಟ್ಟು ತರಿಸುವ ಮುಪ್ಪು ನನ್ನ ಮನೆ ಎದುರಿಗೇ ತಾನಾಗಿ ಬಂದು ನಿಂತಿದೆ. ಇದರ ಮೇಲೆ ಇವರು ಲೈನಿನ ಹತ್ತಿರ ನಿಲ್ಲುತ್ತಾರೆ.

ಏಪ್ರಿಲ್ 30

ಸೆಕ್ಷನ್ನಿನ ಇಂಜಿನಿಯರು ಜೆ.ಇ. ಸಾಹೇಬರನ್ನು ನೋಡಿದೆ. ಒಳ್ಳೆಯ ಮನುಷ್ಯ, ಕೂಡಿಸಿ ಟೀ ತರಿಸಿದರು. “ಚುನಾವಣೆ ಹತ್ರ ಬಂತಮ್ಮ. ಒಂದ್ ನಿಮಿಷ ಕರೆಂಟ್ ಹೋದ್ರೆ ಮೇಲಿಂದ ಫೋನು. ಇರೋದೊಂದ್ ಏಣಿ. ಅದನ್ನೂ ಮೂಲೆಗಿಟ್ಟು ಏನ್ ಮಾಡ್ಲಿ? ಹಳೇ ಬಿದಿರೇಣಿ ಗೆದ್ಲು ತಿಂದದೆ.”

ಟೀ ಚೆನ್ನಾಗಿತ್ತು.

ಮೇ 18, ಭಾನುವಾರ

ಇವತ್ತು ಆದದ್ದನ್ನು ಸರಿಯಾಗಿ ಬರೆಯಬೇಕು.

ಬೆಳಿಗ್ಗೆ ಕೋನಪ್ಪನಿಗೆ ಹೇಳಿ ಸೆಕ್ಷನ್ನಿನ ಮೆಗ್ಗರ್ ತರಿಸಿದೆ. ಹಿಡಿ ತಿರುಗಿಸಿದರೆ ಒಂದು ವಸ್ತು ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು ಮುಳ್ಳು ತೋರಿಸುತ್ತದೆ. ಏಣಿಯನ್ನು ಅಂಗಳದಲ್ಲಿ ಕಲ್ಲುಗಳ ಮೇಲೆ ಮಲಗಿಸಿದೆವು. ಅತ್ತೆ ಬಾಗಿಲಲ್ಲಿ. ಇವರು ಹಲ್ಲುಜ್ಜುತ್ತಾ ನಗುತ್ತಾ ನಿಂತಿದ್ದರು.

ಒಣಗಿದ ಏಣಿಗೆ ಮುಳ್ಳು ತುದಿಗೆ ಹೋಗಿ ನಿಂತಿತು. ಪಾಸ್. “ನೋಡ್ದಾ?” ಅಂದರು ಇವರು.

ಎರಡು ಕೊಡ ನೀರು ತಂದು ಸುರಿದೆ. ಸ್ವಲ್ಪ ನೆನೆಯಲಿ ಎಂದು ಬಿಟ್ಟು, ಮೇಲಿನ ನೀರು ಬಟ್ಟೆಯಿಂದ ಒರೆಸಿದೆ. ಮತ್ತೆ ತಿರುಗಿಸು ಎಂದೆ. ಕೋನಪ್ಪ ತಿರುಗಿಸಿದ. ಮುಳ್ಳು ಏಳಲೇ ಇಲ್ಲ. ಇನ್ನೊಂದು ಸಲ. ಏಳಲಿಲ್ಲ. ಕೋನಪ್ಪನ ಬಾಯಿ ತೆರೆದೇ ಇತ್ತು. “ಅಯ್ಯೋ ದೇವುಡಾ, ನಾನೇ ಬಳ್ದಿದ್ದು” ಎಂದು ಕೂತುಬಿಟ್ಟ.

ಇವರು ಬಾಯಿಯ ನೊರೆ ಉಗಿದು ಹತ್ತಿರ ಬಂದರು. ಮುಳ್ಳು ನೋಡಿದರು, ಏಣಿ ನೋಡಿದರು, ತಮ್ಮ ಕೈ ನೋಡಿಕೊಂಡರು.

“ಅಂದ್ರೆ... ಜುಮ್ ಅಂತಿದ್ದಿದ್ದು ಇದ್ರದ್ದಾ?”

“ಯಾವ ಜುಮ್?” ಎಂದೆ.

ಆಗ ಹೇಳಿದರು. ಆಯುಧಪೂಜೆ ಆದಾಗಿನಿಂದ ಏಣಿ ಹತ್ತಿದರೆ ಕೈ ಜುಮ್ ಅನ್ನುತ್ತಿತ್ತಂತೆ. ಬೆರಳು ಮರಗಟ್ಟಿದ ಹಾಗೆ. ತನಗೇ ಏನೋ ಬಂದಿದೆ ಎಂದುಕೊಂಡಿದ್ದರಂತೆ. ಶಿಡ್ಲಘಟ್ಟಕ್ಕೆ ಹೋಗಿ ಡಾಕ್ಟರಿಗೂ ತೋರಿಸಿ ಬಂದಿದ್ದರಂತೆ. ನರಕ್ಕೆ ಮಾತ್ರೆ ಕೊಟ್ಟರಂತೆ. ಯಾರಿಗೂ ಹೇಳಿಲ್ಲ. ನನಗೂ ಹೇಳಿಲ್ಲ.

“ಗೊತ್ತಾದ್ರೆ ಕಂಬ ಹತ್ತಿಸಲ್ಲ ಕಣೇ. ರಸೀದಿ ಬರ್ಕೊಂಡ್ ಕೂತ್ಕೊ ಅಂತಾರೆ. ಅದಕ್ಕೇ ಬಾಯ್ಮುಚ್ಕೊಂಡಿದ್ದೆ. ನೋಡಿದ್ರೆ ಏಣೀದು! ನನ್ನ ಕೈದಲ್ಲ! ಅಮ್ಮೋ, ನಂಗೇನಾಗಿಲ್ಲ, ಏಣಿ ಕೆಟ್ಟಿರೋದು!”

ಅತ್ತೆಯ ಕೈ ಹಿಡಿದು ಕುಣಿಸಿಬಿಟ್ಟರು. ನಲವತ್ತೈದರ ಗಂಡಸು, ಲುಂಗಿ ಎತ್ತಿಕಟ್ಟಿ, ನೀರು ಸುರಿದ ಅಂಗಳದಲ್ಲಿ. ನಾನೂ ನಕ್ಕೆ. ನಗುತ್ತಾ ಅಳು ಬಂತು. ಏಳು ತಿಂಗಳು ಒಂದೇ ಚಾಪೆಯ ಮೇಲೆ ಮಲಗಿದ್ದೇವೆ, ಈ ಮನುಷ್ಯ ಒಬ್ಬರೇ ಇಷ್ಟು ಭಯ ಹೊತ್ತಿದ್ದಾರೆ.

ಮಧ್ಯಾಹ್ನ ಪೇರೇಸಂದ್ರದಿಂದ ಮೈಸೂರುಪಾಕು ತಂದರು. ಅರ್ಧ ಅವರೇ ತಿಂದರು.

ಮೇ 19

ಜೆ.ಇ. ಏಣಿಯನ್ನು ಬದಿಗಿಡಲು ಹೇಳಿದ್ದಾರೆ. ಹೊಸದಕ್ಕೆ ಮತ್ತೆ ಬರೆಯುತ್ತಾರಂತೆ. ಎಷ್ಟೋ ದಿನದ ಮೇಲೆ ಬಸ್ಸಿನಲ್ಲಿ ಸೀಟು ಸಿಕ್ಕಿತು. ಮಂಚೇನಹಳ್ಳಿ ತನಕ ನಿದ್ದೆ ಮಾಡಿದೆ.

ಜೂನ್ 5

ನಿನ್ನೆ ಗಾಳಿಮಳೆ. ಬೆಳಿಗ್ಗೆ ಬಸ್ಸಿಗೆ ಹೋಗುವಾಗ ನೋಡಿದೆ, ಜೀಪಿನ ಮೇಲೆ ಅದೇ ಏಣಿ. ಬೆಳ್ಳಿ ಬಣ್ಣ. ಹಗ್ಗ ಕಟ್ಟುತ್ತಿದ್ದವರು ಇವರೇ.

ರಸ್ತೆಯಲ್ಲೇ ಜಗಳ ಆಯಿತು. “ಟ್ರಾನ್ಸ್‌ಫಾರ್ಮರ್ ಸುಟ್ಟೋಗದೆ, ಊರಿಗೆ ಕುಡ್ಯೋ ನೀರಿಲ್ಲ. ಏಣಿ ಇಲ್ದೆ ಹಾರ್ಕೊಂಡ್ ಹೋಗ್ಲಾ?” ಎಂದರು. “ಲೈನ್ ಕ್ಲಿಯರ್ ತಗೊಂಡೇ ಹತ್ತೋದು. ಕರೆಂಟೇ ಇರಲ್ಲ. ನೀನು ಬಸ್ ಹಿಡಿ.”

ಈ ಮೊದಲು ಜುಮ್ ಅಂದದ್ದೂ ಹಾಗೆ ಕರೆಂಟ್ ತೆಗೆಸಿ ಹತ್ತಿದಾಗಲೇ ಇರಬೇಕಲ್ಲ? ಬಸ್ಸಿನಲ್ಲಿ ಅದೇ ಯೋಚನೆ. ಆಮೇಲೆ ನಾನೇ ಸಮಾಧಾನ ಮಾಡಿಕೊಂಡೆ. ಮನೆಗಳ ಸರ್ವೀಸ್ ವೈರಿನ ಸಣ್ಣಪುಟ್ಟ ಕೆಲಸಕ್ಕೆ ಯಾರೂ ಲೈನ್ ಕ್ಲಿಯರ್ ತೆಗೆದುಕೊಳ್ಳುವುದಿಲ್ಲ. ಕರೆಂಟಿರುವ ತಂತಿಗೇ ಏಣಿ ಒರಗಿಸುತ್ತಾರೆ. ಆಗ ಆಗಿರುತ್ತದೆ. ಆಗಲೇ ಆಗಿರಬೇಕು.

ಜೂನ್ 8, ಭಾನುವಾರ

ಕೊಯ್ದುಬಿಟ್ಟೆ.

ಇವರು ಮಳೆಯ ಡ್ಯೂಟಿ ಮುಗಿಸಿ ಬಂದು ಮಲಗಿದ್ದರು. ಮನೆಯ ಹ್ಯಾಕ್ಸಾ ತೆಗೆದುಕೊಂಡು ಎದುರಿನ ಕಾಂಪೌಂಡಿಗೆ ಹೋದೆ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡೆ, ಧೂಳು ಏಳದಂತೆ ನೀರು ಚಿಮುಕಿಸಿದೆ. ಇಪ್ಪತ್ತು ವರ್ಷದ ಅಭ್ಯಾಸ. ಏಣಿಯ ಎರಡೂ ಬದಿಯ ಉದ್ದನೆ ಕೋಲುಗಳನ್ನು ನಡು ಮಧ್ಯಕ್ಕೆ ಕೊಯ್ದೆ.

ಅರ್ಧಕ್ಕೆ ಬರುವಷ್ಟರಲ್ಲಿ ಕೋನಪ್ಪ ಓಡಿ ಬಂದ. “ಅಕ್ಕ! ಸರ್ಕಾರಿ ಏಣಿ!”

“ಹಿಡ್ಕೊ, ಅಲ್ಲಾಡ್ತದೆ” ಎಂದೆ.

ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಮೊಣಕಾಲೂರಿ ಹಿಡಿದುಕೊಂಡ. ಕಡೆಯ ತನಕ ಹಿಡಿದುಕೊಂಡಿದ್ದ.

ಒಳಗೆ ಜಗಿದು ಉಗಿದ ಕಬ್ಬಿನ ಸಿಪ್ಪೆಯ ಹಾಗಿತ್ತು. ಒಂದು ಗೇಣು ತುಂಡು ಚೀಲಕ್ಕೆ ಹಾಕಿಕೊಂಡೆ. ಇನ್ನು ಇದನ್ನು ಯಾರೂ ಹತ್ತುವಂತಿಲ್ಲ.

ಇವರು ಎದ್ದ ಮೇಲೆ ಹೇಳಿದೆ. ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದರು.

ಜೂನ್ 10

ತುಂಡನ್ನು ನೀರಿನಲ್ಲಿ ಕುದಿಸಿ ನೋಡಿದೆ. ನೀರು ಕುಡಿದ ಲೆಕ್ಕ ನೋಡಿ ಶ್ರೀಕರ್ ಸರ್ ಕನ್ನಡಕ ತೆಗೆದರು.

“ನಮ್ ಕಂಪನಿ ಏಣಿ ಕೆಟ್ಟಿದೆ ಅಂತ ನೀವೇ ಬರ್ಕೊಡ್ತೀರಾ ಮೇಡಂ?”

“ಕೆಟ್ಟಿಲ್ಲ ಸರ್. ವಯಸ್ಸಾಗಿದೆ.”

ಬಹಳ ಹೊತ್ತು ಪೆನ್ನು ತಿರುಗಿಸಿದರು. ಆಮೇಲೆ ಸಹಿ ಹಾಕಿದರು. ಲ್ಯಾಂಪಿನ ವಿಷಯ ಆಗಲೇ ಎತ್ತಬೇಕಿತ್ತು, ಮರೆತೆ.

ಜೂನ್ 17

ಇವರಿಗೆ ಮೆಮೋ ಬಂದಿದೆ. ಇಲಾಖೆಯ ಸ್ವತ್ತು ಹಾಳುಮಾಡಿದ್ದಕ್ಕೆ ಕಾರಣ ಕೇಳಿ. ನನಗೆ ಹೇಳಲೇ ಇಲ್ಲ, ಕೋನಪ್ಪ ಹೇಳಿದ. “ನಾನೇ ಕೊಯ್ದೆ” ಎಂದು ಬರೆದುಕೊಟ್ಟಿದ್ದಾರಂತೆ. ಜೊತೆಗೆ ಲ್ಯಾಬಿನ ವರದಿ.

ಯಾಕೆ ಹಾಗೆ ಬರೆದಿರಿ ಎಂದು ಕೇಳಿದೆ.

“ಹೆಂಡ್ತಿ ಕೊಯ್ದ್ಲು ಅಂತ ಬರೆದ್ರೆ ಇಡೀ ಸಬ್‌ಡಿವಿಜನ್ನು ನಗ್ತದೆ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ನೆಟ್ಟಗೆ ಕೊಯ್ದಿದೀಯ ಬಿಡು. ಕೋನಪ್ಪ ಆಗಿದ್ರೆ ಸೊಟ್ಟ ಮಾಡ್ತಿದ್ದ” ಎಂದರು. ಅಷ್ಟಕ್ಕೇ ರಾಜಿ ಆಯಿತು. ಬಹಳ ಸುಸ್ತಾಗಿತ್ತು, ಅಲ್ಲೇ ಹೆಗಲಿಗೆ ಒರಗಿ ನಿದ್ದೆ ಹೋದೆ.

ಜುಲೈ 11

ಹೊಸ ಏಣಿ ಬಂತು! ಹಳದಿ. ಮೆಮೋ ಎಚ್ಚರಿಕೆಗೆ ಮುಗಿಯಿತು. ಇದೂ ನಮ್ಮ ಕಾರ್ಖಾನೆಯದೇ ಏಣಿ, ಈ ಬ್ಯಾಚನ್ನು ಪರೀಕ್ಷೆ ಮಾಡಿದವಳೂ ನಾನೇ. ಒಣಗಿದ್ದಾಗ ಪಾಸು, ನೆನೆದಾಗಲೂ ಪಾಸು, ಕುದಿಸಿದ ಮೇಲೂ ಪಾಸು. ಕೋನಪ್ಪ ಅದಕ್ಕೆ ತಗಡಿನ ನೆರಳು ಕಟ್ಟಿದ್ದಾನೆ. ಈ ಸಲ ಹಬ್ಬಕ್ಕೆ ಹೂವು ಮಾತ್ರ ಎಂದು ಆಣೆ ಮಾಡಿದ.

ಇವರು ಹತ್ತಿ ನೋಡಿ, ಇಳಿದು, “ಜುಮ್ ಇಲ್ಲ ಕಣೇ” ಎಂದರು. ಮಲಗುವಾಗಲೂ ಹೇಳಿದರು. ಕೇಳಿದ್ದಕ್ಕೆ ಹೇಳಿದ್ದಲ್ಲ.

ಆಗಸ್ಟ್ 24, ಭಾನುವಾರ

ಕೋನಪ್ಪ ಹಿತ್ತಲ ಬಾಗಿಲಿಗೆ ಬಂದ. ಎದುರು ಬಾಗಿಲು ಬಿಟ್ಟು ಹಿತ್ತಲಿಗೆ ಬಂದದ್ದು ನೋಡಿ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ.

“ಅಕ್ಕ, ಅಣ್ಣಂಗೆ ನಾನ್ ಹೇಳ್ದೆ ಅನ್ಬೇಡ. ನಿನ್ನೆ ಮೇಲಿಂದ ಕಟಿಂಗ್ ಪ್ಲೇಯರ್ ಬಿಟ್ರು. ಕೆಳಗೆ ಹುಲ್ಲು ಕೊಯ್ಯೋ ಅಜ್ಜಿ, ಒಂದ್ ಅಡಿ ದೂರ. ಹೋದ ವಾರಾನೂ ಬಿಟ್ಟಿದ್ರು. ಇಳೀವಾಗ ಕೈ ಹಿಡಿತ ತಪ್ಪಿ ನನ್ ತಲೆ ಮೇಲೆ ಕಾಲಿಟ್ರು.”

“ಲೈನ್ ಕ್ಲಿಯರ್ ತಗೊಂಡಿರ್ಲಿಲ್ವಾ?”

“ತಗೊಂಡಿದ್ವಿ ಅಕ್ಕ. ಅದೇ ಹೇಳ್ತಿರೋದು. ಅರ್ತ್ ಕೂಡ ಹಾಕಿದ್ವಿ. ಕರೆಂಟೇ ಇರ್ಲಿಲ್ಲ.”

ಅವನಿಗೆ ಕಾಫಿ ಮಾಡಿಕೊಟ್ಟೆ. ಏನು ಮಾತಾಡಿದೆ ಎಂದು ನೆನಪಿಲ್ಲ.

ಆಗಸ್ಟ್ 25, ಬೆಳಿಗ್ಗೆ

ರಜ ಹಾಕಿದೆ. ಶ್ರೀಕರ್ ಸರ್ ಫೋನಿನಲ್ಲಿ ಗೊಣಗಿದರು. ಗೊಣಗಲಿ.

ಕೇಳಿಯೇಬಿಟ್ಟೆ. ಇವರು ಷರಟು ಹಾಕಿಕೊಳ್ಳುತ್ತಿದ್ದರು. ಗುಂಡಿಗಳು ತೂತಿಗೆ ಹೋಗುತ್ತಿರಲಿಲ್ಲ. ಎದುರಿಗೆ ನಿಂತು ನಾನೇ ಹಾಕುತ್ತಾ ಕೇಳಿದೆ.

“ರೀ, ಏಣಿ ಮೇಲಿಲ್ದಾಗ್ಲೂ ಜುಮ್ ಅಂತದಾ?”

ಕಾಲರಿನ ಗುಂಡಿಯ ತನಕ ಹಾಕಿ ಮುಗಿಸಿದೆ.

“ಹೂಂ.”

“ಈಗ್ಲೂ?”

“ಈಗ್ಲೂ. ಕಾಲಿಗೂ ಬಂದದೆ.”

“ಮೊದ್ಲಿಂದ್ಲೂ ಹಿಂಗೇನಾ?”

“ಮೊದ್ಲಿಂದ್ಲೂ. ಏಣೀದೂ ಇತ್ತು ಯಶೋದ, ಸುಳ್ಳಲ್ಲ. ನಂದೂ ಇತ್ತು. ಶಿಡ್ಲಘಟ್ಟದ ಡಾಕ್ಟ್ರು ಆಗ್ಲೇ ಶುಗರ್ ಅಂದಿದ್ರು, ಜಾಸ್ತೀನೇ ಅದೆ ಅಂದಿದ್ರು. ಮೆಗ್ಗರ್ ಮುಳ್ಳು ಬಿದ್ದ ದಿನ ಅದನ್ನೇ ನಂಬ್ಕೊಂಡ್ಬಿಟ್ಟೆ. ನೀನೂ ನಂಬಿದ್ಯಲ್ಲ.”

ನಂಬಿದ್ದೆ. ಮಗಳು ಬಾಯಿಬಿಟ್ಟು ಹೇಳಿದ್ದಳು, ಆದರೂ. ಎಲ್ಲ ಏಣಿಯ ಮೇಲೆ ಹಾಕಿದರೆ ಹಗುರ ಅಲ್ಲವೆ. ನಾನು ಅಂಥ ಹಗುರಕ್ಕೆ ಎಷ್ಟು ಕಾದಿದ್ದೆ!

“ಯಾರಿಗೂ ಹೇಳ್ಬೇಡ ಕಣೇ. ಮಾತ್ರೆ ತಗೋತೀನಿ. ಸ್ವೀಟ್ ಬಿಡ್ತೀನಿ. ಕಂಬದಿಂದ ಇಳಿಸಿದ್ರೆ ನಾನ್ಯಾರೇ? ನಮ್ಮಪ್ಪ ಬುಡದಾಗೇ ಸವೆದ್ರು. ನನ್ನೂ ಬುಡಕ್ಕೆ ಕಳಿಸ್ಬೇಡ.”

ಕಣ್ಣಲ್ಲಿ ನೀರಿತ್ತು. ಮದುವೆಯಾದಾಗಿನಿಂದ ನೋಡಿರಲಿಲ್ಲ. “ಆಯ್ತು ರೀ” ಎಂದೆ. ಬೇರೇನು ಅನ್ನಲಿ? ಬುತ್ತಿ ಕಟ್ಟಿಕೊಟ್ಟೆ. ಚಪಾತಿ, ಹುರುಳಿಕಾಳು ಪಲ್ಯ.

ಜೀಪು ಹೋಯಿತು. ಮಂಡಿಕಲ್ ಫೀಡರ್ ಲೈನಿನ ಕೆಲಸ ಅಂತೆ, ಇಡೀ ದಿನ ಕಂಬದ ಮೇಲೆ.

ಏಣಿಯ ವಿಷಯದಲ್ಲಿ ಕೈ ಹ್ಯಾಕ್ಸಾಕ್ಕೆ ತಾನಾಗಿ ಹೋಗಿತ್ತು. ಇದಕ್ಕೆ ಕೈ ಏಳುತ್ತಿಲ್ಲ. ಜೆ.ಇ.ಗೆ ಹೇಳಿದರೆ ಇವರು ನನ್ನನ್ನು ಕ್ಷಮಿಸುವುದಿಲ್ಲ. ರಸೀದಿ ಕೌಂಟರಿನಲ್ಲಿ ಕೂತು ದಿನಾ ಕಿಟಕಿಯಿಂದ ಆ ಕಂಬ ನೋಡುತ್ತಾರೆ, ಸಂಜೆ ಬಂದು ನನ್ನ ಮುಖ ನೋಡುತ್ತಾರೆ. ನೋಡಲಿ. ಸಿಟ್ಟು ಮಾಡಿಕೊಂಡೇ ನೋಡಲಿ. ಎಷ್ಟು ವರ್ಷ ಬೇಕಾದರೂ.

ಅತ್ತೆ “ಎಕ್ಕಡಿಕಮ್ಮಾ?” ಎಂದರು. ಎದುರಿಗೇ ಎಂದೆ. ಜೆ.ಇ. ಇನ್ನೂ ಬಂದಿಲ್ಲ, ಆಫೀಸಿನ ಬಾಗಿಲು ಮುಚ್ಚಿಯೇ ಇದೆ. ಇಲ್ಲೇ ಕಿಟಕಿಯ ಹತ್ತಿರ ಚಪ್ಪಲಿ ಮೆಟ್ಟಿಕೊಂಡು ಕೂತು ಬರೆಯುತ್ತಿದ್ದೇನೆ. ಒಳಗೆ ಹೋದ ತಕ್ಷಣ ಮೊದಲು ಫೋನು ಮಾಡಿಸಬೇಕು, ಇವತ್ತು ಹತ್ತಿಸಬೇಡಿ ಅಂತ. ಮಿಕ್ಕದ್ದು ಆಮೇಲೆ. ಗಾಡಿ ಸದ್ದು. ಜೆ.ಇ. ಸಾಹೇಬರದ್ದೇ. ಬಾಗಿಲು ತೆರೆದರು. ಹೊರಟೆ.